ಕೊನೆಯ ಕುರ್ಚಿಗೂ ಪಾಳಿ: ಓದುವ ಕೋಣೆಯ ವೈಫೈ ಹಂಚುವ ಬಗೆ

ವಿಜಯಪುರದ ಜಲನಗರದಲ್ಲಿ ನನ್ನ ಅಕ್ಕ ಒಂದು ಓದುವ ಕೋಣೆ ನಡೆಸುತ್ತಾಳೆ. ಮೂರು ಮಹಡಿ, 64 ಕುರ್ಚಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬಂದ ಹುಡುಗ ಹುಡುಗಿಯರು ಬೆಳಿಗ್ಗೆ ಆರರಿಂದ ರಾತ್ರಿ ಹನ್ನೊಂದರವರೆಗೆ ಇಲ್ಲಿ ಕುಳಿತು ಕೆಎಎಸ್, ಪಿಎಸ್‌ಐ, ಪಿಡಿಒ ಪರೀಕ್ಷೆಗಳಿಗೆ ಓದುತ್ತಾರೆ. ಅವರೆಲ್ಲರಿಗೂ ಸೇರಿ ಇರುವುದು 100 ಎಂಬಿಪಿಎಸ್‌ನ, ಅಂದರೆ ಸೆಕೆಂಡಿಗೆ ಹತ್ತು ಕೋಟಿ ಬಿಟ್ ಸಾಗಿಸುವ, ಒಂದೇ ಫೈಬರ್ ಸಂಪರ್ಕ.

ಎರಡು ವರ್ಷದ ಹಿಂದೆ ಒಂದು ರಾತ್ರಿ ಎಂಟೂವರೆಗೆ ಅಕ್ಕ ಫೋನ್ ಮಾಡಿದಳು. "ತಮ್ಮಾ, 47ನೇ ಕುರ್ಚಿಯ ಹುಡುಗಿ ಅಳುತ್ತಿದ್ದಾಳೆ. ಅಣಕು ಪರೀಕ್ಷೆ ಬರೆಯುವಾಗ ಮೂರನೇ ಸಲ ಪುಟ ನಿಂತುಹೋಯಿತು. ಕೆಳಗಿನ ಮಹಡಿಯಲ್ಲಿ ಮಾತ್ರ ವಿಡಿಯೊ ಸರಾಗವಾಗಿ ಓಡುತ್ತಿದೆ." ಶಾಲೆ, ವಸತಿ ನಿಲಯ, ಕಾರ್ಖಾನೆಗಳಿಗೆ ನೆಟ್‌ವರ್ಕ್ ಕೂಡಿಸುವುದೇ ಹದಿನೈದು ವರ್ಷದಿಂದ ನನ್ನ ಕೆಲಸ. ಅಕ್ಕನ ಕೋಣೆಗೆ ರೂಟರ್ ಹಾಕಿದವನೂ ನಾನೇ. ಆ ಹುಡುಗಿಯ ಕಣ್ಣೀರಿಗೆ ಉತ್ತರ ಕೊಡಬೇಕಾದವನು ನಾನು ಎಂದು ಅಂದೇ ಅನ್ನಿಸಿತು.

ನಮ್ಮ ತಂದೆಯ ಹೊಲ ಕಾಲುವೆಯ ತುದಿಯಲ್ಲಿದೆ. ಮೇಲೆ ಕಾಲುವೆ ತುಂಬಿ ಹರಿಯುವಾಗಲೂ ತುದಿಗೆ ನೀರು ಮುಟ್ಟದ ದಿನಗಳನ್ನು ನೋಡುತ್ತ ಬೆಳೆದವರು ನಾವು. ಒಟ್ಟು ನೀರು ಎಷ್ಟಿದೆ ಎಂಬ ಲೆಕ್ಕದಲ್ಲಿ ತುದಿಯವನ ಸಂಕಟ ಕಾಣಿಸುವುದೇ ಇಲ್ಲ. ವೈಫೈ ಹಂಚುವವರೂ ಬಹುಪಾಲು ಇದೇ ತಪ್ಪನ್ನು ಮಾಡುತ್ತಾರೆ: ಸಂಪರ್ಕ ದೊಡ್ಡದು ಮಾಡಿಸಿದರೆ ಸಾಕು, ಎಲ್ಲರಿಗೂ ಸಿಗುತ್ತದೆ ಎಂದುಕೊಳ್ಳುತ್ತಾರೆ. ನಾನು ಆ ತಪ್ಪನ್ನು ಬಿಟ್ಟು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದುವ ಕೋಣೆ, ವಸತಿ ನಿಲಯ, ಶಾಲೆ, ಗ್ರಂಥಾಲಯ ನೋಡಿಕೊಳ್ಳುವ ಯಾರೇ ಆದರೂ ಇದನ್ನು ಮಾಡಬಹುದು.

ಕೆಟ್ಟ ಹೊತ್ತಿನಲ್ಲಿ, ಕೆಟ್ಟ ಜಾಗದಲ್ಲಿ ಅಳೆಯಿರಿ

ರೂಟರ್ ಪಕ್ಕದಲ್ಲಿ ನಿಂತು ಬೆಳಿಗ್ಗೆ ವೇಗ ಅಳೆದರೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಅತಿ ಹೆಚ್ಚು ಜನ ಇರುವ ಹೊತ್ತಿಗೆ ಹೋಗಿ. ನಮ್ಮಲ್ಲಿ ಅದು ರಾತ್ರಿ ಎಂಟರಿಂದ ಒಂಬತ್ತೂವರೆ. ಆರು ಕುರ್ಚಿಗಳನ್ನು ಆರಿಸಿಕೊಳ್ಳಿ: ಎರಡು ಹತ್ತಿರದವು, ಎರಡು ನಡುವಿನವು, ಎರಡು ಮೂಲೆಯವು. ಒಂದೇ ಮೊಬೈಲ್ ಹಿಡಿದು ಆರೂ ಕಡೆ ಕುಳಿತು ಅಳೆಯಿರಿ. ಕುರ್ಚಿಯ ಸಂಖ್ಯೆ, ಸಮಯ, ವೇಗ, ಪಿಂಗ್ ಎಂದು ನೋಟ್‌ಬುಕ್‌ನಲ್ಲಿ ನಾಲ್ಕು ಕಂಬ ಸಾಲು ಎಳೆದು ಬರೆಯಿರಿ. ಪಿಂಗ್ ಎಂದರೆ ಒಂದು ಸಣ್ಣ ಸಂದೇಶ ಹೋಗಿ ಮರಳಿ ಬರಲು ಹಿಡಿಯುವ ಸಮಯ. ಅಣಕು ಪರೀಕ್ಷೆಯ ಪುಟಕ್ಕೆ ದೊಡ್ಡ ವೇಗ ಬೇಕಿಲ್ಲ. ಅದು ನಿಂತುಹೋಗುವುದು ಪಿಂಗ್ ಹೆಚ್ಚಾದಾಗ.

ನನ್ನ ಮೊದಲ ದಿನದ ಸಾಲು ಹೀಗಿತ್ತು: 16, 12, 8, 2, 1, 1 ಎಂಬಿಪಿಎಸ್. ಕೊನೆಯ ಎರಡು ಮೂರನೇ ಮಹಡಿಯ ಮೂಲೆಯವು, ಅದರಲ್ಲಿ ಒಂದು 47ನೇ ಕುರ್ಚಿ.

ಈ ಸಾಲು ಎಷ್ಟು ಸಮವಾಗಿದೆ ಎಂದು ಒಂದೇ ಅಂಕಿಯಲ್ಲಿ ಹೇಳಲು ಒಂದು ಸೂತ್ರವಿದೆ. 1984ರಲ್ಲಿ ರಾಜ್ ಜೈನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಕೊಟ್ಟದ್ದು. ಎಲ್ಲ ಅಂಕಿಗಳನ್ನು ಕೂಡಿ ವರ್ಗ ಮಾಡಿ. ಬೇರೆಯಾಗಿ ಪ್ರತಿ ಅಂಕಿಯ ವರ್ಗಗಳನ್ನು ಕೂಡಿ, ಆ ಮೊತ್ತವನ್ನು ಕುರ್ಚಿಗಳ ಸಂಖ್ಯೆಯಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಎಲ್ಲರಿಗೂ ಸಮ ಬಂದರೆ ಉತ್ತರ 1. ಎಲ್ಲವೂ ಒಬ್ಬನ ಪಾಲಾದರೆ ಆರು ಜನರಲ್ಲಿ ಆರನೇ ಒಂದು ಭಾಗ. ನನ್ನ ಸಾಲಿಗೆ ಮೊತ್ತ 40, ಅದರ ವರ್ಗ 1600. ವರ್ಗಗಳ ಮೊತ್ತ 470, ಅದರ ಆರು ಪಟ್ಟು 2820. ಉತ್ತರ 0.57. ಪಿಯುಸಿ ಓದಿದ ಯಾರಾದರೂ ಐದು ನಿಮಿಷದಲ್ಲಿ ಮಾಡುವ ಲೆಕ್ಕ ಇದು. ಆದರೆ ಈ ಅಂಕಿಯನ್ನು ಒಂಟಿಯಾಗಿ ನಂಬಬೇಡಿ, ಪಕ್ಕದಲ್ಲಿ ಒಟ್ಟು ಮೊತ್ತವನ್ನೂ ಬರೆದುಕೊಳ್ಳಿ. ಎಲ್ಲರಿಗೂ ಸಮವಾಗಿ ಅರ್ಧ ಎಂಬಿಪಿಎಸ್ ಕೊಟ್ಟರೂ ಸೂತ್ರದ ಉತ್ತರ 1 ಎಂದೇ ಬರುತ್ತದೆ.

ಗಾಳಿಯಲ್ಲಿ ಹಂಚಬೇಕಾದದ್ದು ಹೊತ್ತು

ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ಹೋದವರಿಗೆ ಗೊತ್ತು: ಒಬ್ಬರು ಮೆಲ್ಲಗೆ ಮಾತನಾಡಿದರೆ ಆಚೆ ಬದಿಗೆ ಸ್ಪಷ್ಟವಾಗಿ ಕೇಳುತ್ತದೆ, ಶಾಲಾ ಪ್ರವಾಸದ ಮಕ್ಕಳೆಲ್ಲ ಒಟ್ಟಿಗೆ ಕೂಗಿದರೆ ಯಾರ ಮಾತೂ ತಿಳಿಯುವುದಿಲ್ಲ. ವೈಫೈ ಚಾನೆಲ್, ಅಂದರೆ ರೂಟರ್ ಮತ್ತು ಮೊಬೈಲ್ ಮಾತನಾಡುವ ರೇಡಿಯೊ ಪಟ್ಟಿಯ ತುಂಡು, ಕೂಡ ಹಾಗೆಯೇ. ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತನಾಡಬೇಕು. ಹಾಗಾಗಿ ಮೊಬೈಲ್‌ಗಳು, ಲ್ಯಾಪ್‌ಟಾಪ್‌ಗಳು, ರೂಟರ್ ಎಲ್ಲವೂ ಮೊದಲು ಕಿವಿಗೊಟ್ಟು ಕೇಳಿ, ಸದ್ದು ಇಲ್ಲದಾಗ ತಮ್ಮ ಪಾಳಿ ತೆಗೆದುಕೊಳ್ಳುತ್ತವೆ.

ಇಲ್ಲಿಯೇ ಅನ್ಯಾಯದ ಬೀಜ ಇರುವುದು. ಹಳೆಯ ಪದ್ಧತಿಯಲ್ಲಿ ಪಾಳಿಯನ್ನು ಎಣಿಸುವುದು ಪ್ಯಾಕೆಟ್‌ಗಳ (ಮಾಹಿತಿಯ ಸಣ್ಣ ಕಟ್ಟುಗಳ) ಲೆಕ್ಕದಲ್ಲಿ: ನಿನಗೊಂದು, ನನಗೊಂದು. ಕೇಳಲು ಇದು ನ್ಯಾಯವೇ. ಆದರೆ ರೂಟರ್ ಹತ್ತಿರದ ಮೊಬೈಲ್ 54 ಎಂಬಿಪಿಎಸ್ ದರದಲ್ಲಿ ಮಾತನಾಡಿದರೆ, ಗೋಡೆಗಳಾಚೆಯ ಮೊಬೈಲ್ 6ರಲ್ಲಿ ತಡವರಿಸುತ್ತದೆ. 1500 ಬೈಟ್‌ನ ಒಂದು ಪ್ಯಾಕೆಟ್ ಎಂದರೆ 12,000 ಬಿಟ್. ಅದನ್ನು ಸಾಗಿಸಲು ಹತ್ತಿರದವನಿಗೆ 0.22 ಮಿಲಿಸೆಕೆಂಡ್, ದೂರದವನಿಗೆ 2 ಮಿಲಿಸೆಕೆಂಡ್. ಒಂದಾದ ಮೇಲೆ ಒಂದರಂತೆ ಕಳಿಸಿದರೆ ಇಬ್ಬರಿಗೂ 2.22 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್, ಅಂದರೆ ತಲಾ 5.4 ಎಂಬಿಪಿಎಸ್. ಒಟ್ಟು 10.8. ಹತ್ತಿರದವನ 54ರ ದರ ನೀರಿನಲ್ಲಿ ಹೋಮ ಮಾಡಿದಂತಾಯಿತು. ಈ ದೋಷವನ್ನು ಫ್ರಾನ್ಸ್‌ನ ಸಂಶೋಧಕರು 2003ರಲ್ಲಿ ಲೆಕ್ಕ ಸಮೇತ ತೋರಿಸಿದರು.

ಪ್ಯಾಕೆಟ್ ಬದಲು ಹೊತ್ತನ್ನು ಸಮವಾಗಿ ಹಂಚಿದರೆ? ಹತ್ತಿರದವನಿಗೆ ಅರ್ಧ ಹೊತ್ತು, 27 ಎಂಬಿಪಿಎಸ್. ದೂರದವನಿಗೆ ಅರ್ಧ ಹೊತ್ತು, 3 ಎಂಬಿಪಿಎಸ್. ಒಟ್ಟು 30. (ಪಾಳಿ ಗೊತ್ತುಮಾಡಿಕೊಳ್ಳಲು ನಡುವೆ ಓಡಾಡುವ ಸಂದೇಶಗಳಿಗೆ ಹೋಗುವ ಸಮಯವನ್ನು ಇಲ್ಲಿ ಬಿಟ್ಟಿದ್ದೇನೆ, ನಿಜದಲ್ಲಿ ಎಲ್ಲ ಅಂಕಿಗಳೂ ಇನ್ನಷ್ಟು ಕಡಿಮೆ.)

ದೂರದವನಿಗೆ 5.4ರಿಂದ 3ಕ್ಕೆ ಇಳಿಯಿತಲ್ಲ, ಇದು ಯಾವ ನ್ಯಾಯ ಎಂದು ನೀವು ಕೇಳಬೇಕು. ನಾನೂ ಈ ಪ್ರಶ್ನೆಯನ್ನು ಬಹಳ ದಿನ ಹೊತ್ತು ತಿರುಗಿದ್ದೇನೆ. ಜೈನ್ ಸೂತ್ರಕ್ಕೆ ವೇಗಗಳನ್ನು ಹಾಕಿದರೆ ಮೊದಲ ಹಂಚಿಕೆಗೆ 1 ಬರುತ್ತದೆ, ಎರಡನೆಯದಕ್ಕೆ 0.61. ಹೊತ್ತನ್ನು ಹಾಕಿದರೆ ಎರಡನೆಯದಕ್ಕೇ 1. ಯಾವುದನ್ನು ಅಳೆಯುತ್ತೀರಿ ಎಂಬುದರ ಮೇಲೆ ನ್ಯಾಯದ ಅಂಕಿಯೇ ತಿರುಗುತ್ತದೆ.

ನನಗೆ ದಾರಿ ತೋರಿಸಿದ್ದು ಕೇಂಬ್ರಿಜ್‌ನ ಗಣಿತಜ್ಞ ಫ್ರಾಂಕ್ ಕೆಲ್ಲಿ 1990ರ ದಶಕದ ಕೊನೆಯಲ್ಲಿ ಮುಂದಿಟ್ಟ ಅನುಪಾತದ ನ್ಯಾಯ. ಅದರ ತಿರುಳು ಇಷ್ಟು: ಎಲ್ಲರಿಗೆ ಸಿಗುವ ವೇಗಗಳನ್ನು ಕೂಡಬೇಡಿ, ಗುಣಿಸಿ, ಗುಣಲಬ್ಧ ಅತಿ ದೊಡ್ಡದಾಗುವ ಹಂಚಿಕೆಯನ್ನು ಆರಿಸಿ. ಯಾರಿಗಾದರೂ ಸೊನ್ನೆ ಕೊಟ್ಟರೆ ಇಡೀ ಗುಣಲಬ್ಧವೇ ಸೊನ್ನೆ, ಆದ್ದರಿಂದ ಯಾರನ್ನೂ ಕೈಬಿಡುವಂತಿಲ್ಲ. ಇತ್ತ ಒಬ್ಬನಿಗೆ ಸ್ವಲ್ಪ ಉಳಿಸಲು ಮತ್ತೊಬ್ಬನದನ್ನು ಪೂರ್ತಿ ಹಾಳುಮಾಡುವುದಕ್ಕೂ ಅದು ಒಪ್ಪುವುದಿಲ್ಲ. ನಮ್ಮ ಲೆಕ್ಕದಲ್ಲಿ ಪ್ಯಾಕೆಟ್ ಪಾಳಿಯ ಗುಣಲಬ್ಧ ಸುಮಾರು 29. ಎಲ್ಲವನ್ನೂ ಹತ್ತಿರದವನಿಗೇ ಕೊಟ್ಟರೆ ಒಟ್ಟು 54, ಗುಣಲಬ್ಧ ಸೊನ್ನೆ. ಸಮ ಹೊತ್ತಿನ ಹಂಚಿಕೆಗೆ 81, ಇದಕ್ಕಿಂತ ದೊಡ್ಡದು ಬೇರೆ ಯಾವ ಹಂಚಿಕೆಯಲ್ಲೂ ಬರುವುದಿಲ್ಲ. ಕಾಗದದ ಮೇಲೆ ಮಾಡಿ ನೋಡಿ, ಮನಸ್ಸಿಗೆ ಹಿಡಿಸುತ್ತದೆ.

ಆದ್ದರಿಂದ ಕೆಲಸ ಇದು: ನಿಮ್ಮ ಆಕ್ಸೆಸ್ ಪಾಯಿಂಟ್‌ನ (ವೈಫೈ ಪ್ರಸಾರ ಮಾಡುವ ಪೆಟ್ಟಿಗೆಯ) ಸೆಟ್ಟಿಂಗ್‌ನಲ್ಲಿ ‘ಏರ್‌ಟೈಮ್ ಫೇರ್‌ನೆಸ್’ ಎಂಬುದನ್ನು ಹುಡುಕಿ ಚಾಲೂ ಮಾಡಿ. ಕೊಳ್ಳುವಾಗಲೇ ಅದು ಇದೆಯೇ ಎಂದು ಕೇಳಿ. ಇದರ ಹಿಡಿತ ಮುಖ್ಯವಾಗಿ ರೂಟರ್‌ನಿಂದ ಮೊಬೈಲ್ ಕಡೆಗೆ ಹೋಗುವ ದಾರಿಯ ಮೇಲೆ. ಮೊಬೈಲ್‌ನಿಂದ ರೂಟರ್ ಕಡೆಗೆ ಬರುವುದನ್ನು ರೂಟರ್ ತಾನೇ ನಿಗದಿಪಡಿಸುವ ವ್ಯವಸ್ಥೆ ಬಂದದ್ದು ವೈಫೈ 6 ಎಂಬ ಹೊಸ ಪೀಳಿಗೆಯಲ್ಲಿ. ಅದು 20 ಮೆಗಾಹರ್ಟ್ಸ್ ಚಾನೆಲ್ಲನ್ನು ಒಂಬತ್ತು ತುಂಡುಗಳವರೆಗೆ ಸೀಳಿ ಒಂದೇ ಹೊತ್ತಿಗೆ ಹಲವರಿಗೆ ಹಂಚಬಲ್ಲದು. ಆದರೆ ಓದುವವರ ಮೊಬೈಲ್‌ಗಳೂ ವೈಫೈ 6 ಇರಬೇಕು. ನಮ್ಮಲ್ಲಿ ಬಹಳ ಮಕ್ಕಳ ಕೈಯಲ್ಲಿ ಹಳೆಯ ಫೋನ್‌ಗಳೇ ಇವೆ, ಆ ಕಾರಣಕ್ಕೆ ನಾನು ಅದರ ಮೇಲೆ ಭಾರ ಹಾಕಲಿಲ್ಲ.

ಹಂಚುವುದಕ್ಕಿಂತ ಮುಂಚೆ ಕಾಲುವೆ ದುರಸ್ತಿ

ದೂರದವನಿಗೆ 3 ಸಿಗುವುದು ನ್ಯಾಯ ಎಂದು ಲೆಕ್ಕ ಹೇಳಿದರೂ ಅವನನ್ನು ದೂರದಲ್ಲೇ ಬಿಡುವುದು ನ್ಯಾಯವಲ್ಲ. ಇಡೀ ಬರಹದಲ್ಲಿ ಒಂದೇ ಕೆಲಸ ಮಾಡುವ ಮನಸ್ಸಿದ್ದರೆ ಇದನ್ನು ಮಾಡಿ.

ಅಕ್ಕನ ಕಟ್ಟಡದ ಹಿಂಭಾಗ ಹಳೆಯ ಮನೆ. ಕರಿಕಲ್ಲಿನ ದಪ್ಪ ಗೋಡೆ. ಮುಂಭಾಗ ಆಮೇಲೆ ಕಟ್ಟಿದ ಕಾಂಕ್ರೀಟು. ಧೂಳು ಕೂರಬಾರದೆಂದು ರೂಟರನ್ನು ಕೆಳಮಹಡಿಯ ಕಚೇರಿಯಲ್ಲಿ ಕಬ್ಬಿಣದ ಕಪಾಟಿನೊಳಗೆ ಇಡಲಾಗಿತ್ತು. ಕಬ್ಬಿಣದ ಪೆಟ್ಟಿಗೆ ರೇಡಿಯೊ ತರಂಗವನ್ನು ಹೊರಗೆ ಬಿಡುವುದೇ ಇಲ್ಲ ಎನ್ನುವಷ್ಟು ತಡೆಯುತ್ತದೆ. ಕಲ್ಲಿನ ಗೋಡೆಯದೂ ಸಣ್ಣ ತಡೆಯಲ್ಲ. ತುಂಬಿದ ನೀರಿನ ಟ್ಯಾಂಕು, ಒತ್ತಾಗಿ ಕುಳಿತ ಜನ ಕೂಡ ತರಂಗವನ್ನು ಹೀರಿಕೊಳ್ಳುತ್ತಾರೆ. ಖಾಲಿ ಕೋಣೆಯಲ್ಲಿ ಅಳೆದದ್ದು ತುಂಬಿದ ಕೋಣೆಯಲ್ಲಿ ಸುಳ್ಳಾಗುವುದಕ್ಕೆ ಇದೂ ಒಂದು ಕಾರಣ.

ಮಾಡಿದ್ದು ಇಷ್ಟು. ಪ್ರತಿ ಮಹಡಿಗೂ ಒಂದೊಂದು ಆಕ್ಸೆಸ್ ಪಾಯಿಂಟ್, ಓದುವ ಹಾಲ್‌ನ ನಡುವೆ, ಮೇಲ್ಛಾವಣಿಗೆ. ಪ್ರತಿಯೊಂದಕ್ಕೂ ಕೆಳಗಿನಿಂದ ನೆಟ್‌ವರ್ಕ್ ಕೇಬಲ್ ಎಳೆದೆ. ತಂತಿ ಎಳೆಯುವ ಕಷ್ಟ ಬೇಡವೆಂದು ಒಂದರಿಂದ ಒಂದಕ್ಕೆ ಗಾಳಿಯಲ್ಲೇ ದಾಟಿಸುವ ಪೆಟ್ಟಿಗೆಗಳನ್ನು ಅಂಗಡಿಯವರು ತೋರಿಸುತ್ತಾರೆ. ಅಗ್ಗದ ಪೆಟ್ಟಿಗೆಗಳಲ್ಲಿ ಅದೇ ಚಾನೆಲ್‌ನಲ್ಲಿ ಕೇಳಿದ್ದನ್ನು ಅದೇ ಚಾನೆಲ್‌ನಲ್ಲಿ ಮತ್ತೆ ಹೇಳಬೇಕಾಗುವುದರಿಂದ ಇರುವ ಹೊತ್ತಿನ ಅರ್ಧ ಅಲ್ಲಿಯೇ ಖರ್ಚು. ಎರಡು ದಿನ ಧೂಳು ತಿಂದರೂ ಸರಿ, ಕೇಬಲ್ ಎಳೆಯಿರಿ.

ಚಾನೆಲ್‌ಗಳ ವಿಷಯ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ನಮ್ಮ ದೇಶದಲ್ಲಿ 13 ಚಾನೆಲ್‌ಗಳಿದ್ದರೂ ಅವುಗಳ ನಡುವಿನ ಅಂತರ 5 ಮೆಗಾಹರ್ಟ್ಸ್ ಮಾತ್ರ, ಒಂದೊಂದರ ಅಗಲ ಸುಮಾರು 20. ಅಂದಮೇಲೆ ಒಂದರ ಮೇಲೊಂದು ಬೀಳದೆ ಇರುವವು 1, 6, 11 ಮೂರೇ. ಮೂರು ಮಹಡಿಗೆ ಮೂರು, ಸರಿಹೋಯಿತು. ಯಾರೋ ಬುದ್ಧಿವಂತಿಕೆಯಿಂದ 3 ಅಥವಾ 8 ಹಾಕಿದರೆ ಎರಡು ಕಡೆಯವರಿಗೂ ತೊಂದರೆ: ಅಕ್ಕಪಕ್ಕದ ಚಾನೆಲ್‌ನವರು ಪರಸ್ಪರ ಪಾಳಿ ಕಾಯುವುದಿಲ್ಲ, ಬರೀ ಗದ್ದಲ ಎಬ್ಬಿಸುತ್ತಾರೆ. ಅಗಲ 20 ಇರಲಿ, 40 ಬೇಡ.

5 ಗಿಗಾಹರ್ಟ್ಸ್ ಬಲ್ಲ ಫೋನ್‌ಗಳನ್ನೆಲ್ಲ ಅಲ್ಲಿಗೇ ತಳ್ಳಿ. 2018ರಲ್ಲಿ ಈ ಪಟ್ಟಿಯ ದೊಡ್ಡ ಭಾಗವನ್ನು ಕೇಂದ್ರ ಸರ್ಕಾರ ಪರವಾನಗಿಯಿಂದ ಮುಕ್ತಗೊಳಿಸಿದ ಮೇಲೆ ಜಾಗಕ್ಕೆ ಬರವಿಲ್ಲ. ಗೋಡೆ ದಾಟುವ ಶಕ್ತಿ ಇದಕ್ಕೆ ಕಡಿಮೆ. ಹಾಲ್‌ನ ನಡುವೆ ಆಕ್ಸೆಸ್ ಪಾಯಿಂಟ್ ಇರುವಾಗ ಅದು ಒಳ್ಳೆಯ ಗುಣವೇ, ಒಂದು ಮಹಡಿಯ ಸದ್ದು ಇನ್ನೊಂದಕ್ಕೆ ಹೋಗುವುದಿಲ್ಲ. ನಾನು 36, 44, 149 ಹಾಕಿ, ಅಗಲ 40 ಇಟ್ಟೆ. 80 ಇಟ್ಟರೆ ಒಬ್ಬನ ವೇಗದ ಪರೀಕ್ಷೆ ಚೆಂದ ಕಾಣುತ್ತದೆ, 64 ಜನಕ್ಕೆ ಅದರಿಂದ ಲಾಭವಿಲ್ಲ.

ಪ್ರಸಾರದ ಶಕ್ತಿಯನ್ನು ಇಳಿಸಿ. ಇದನ್ನು ಹೇಳಿದಾಗ ಎಲ್ಲರೂ ಹುಬ್ಬೇರಿಸುತ್ತಾರೆ. ಪೂರ್ತಿ ಶಕ್ತಿಯಲ್ಲಿ ಕೂಗುವ ಆಕ್ಸೆಸ್ ಪಾಯಿಂಟ್‌ನ ಮಾತು ದೂರದ ಫೋನಿಗೆ ಕೇಳುತ್ತದೆ, ಫೋನಿನ ಸಣ್ಣ ದನಿ ಅದಕ್ಕೆ ಮರಳಿ ಕೇಳುವುದಿಲ್ಲ. ಜೊತೆಗೆ ಮೂರನೇ ಮಹಡಿಗೆ ಹತ್ತಿದ ಹುಡುಗನ ಫೋನ್ ಕೆಳಮಹಡಿಯ ಸಂಪರ್ಕಕ್ಕೇ ಜೋತುಬಿದ್ದಿರುತ್ತದೆ, ಅಲ್ಲಿಂದ ನಿಧಾನವಾಗಿ ಮಾತನಾಡುತ್ತ ಕೆಳಗಿನ ಎಲ್ಲರ ಹೊತ್ತನ್ನೂ ತಿನ್ನುತ್ತದೆ. 3 ಡಿಬಿ (ಡೆಸಿಬಲ್) ಇಳಿಸಿದರೆ ಶಕ್ತಿ ಅರ್ಧವಾಗುತ್ತದೆ. ಮೂರು ಮೂರರಂತೆ ಇಳಿಸುತ್ತ ಹೋಗಿ, ಆ ಮಹಡಿಯ ಮೂಲೆ ಕುರ್ಚಿಗೆ ತೊಂದರೆಯಾಗುವ ಮೊದಲು ನಿಲ್ಲಿಸಿ.

ಇನ್ನು ಕಣ್ಣಿಗೆ ಕಾಣದ ಒಂದು ಸೋರಿಕೆ. ಪ್ರತಿ ವೈಫೈ ಹೆಸರೂ 102.4 ಮಿಲಿಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎಂದು ಸಾರುತ್ತದೆ. ಈ ಸಾರುವಿಕೆ ಅತಿ ನಿಧಾನದ ದರದಲ್ಲಿ, ಅಂದರೆ 1 ಎಂಬಿಪಿಎಸ್‌ನಲ್ಲಿ ನಡೆದರೆ, 300 ಬೈಟ್‌ನ ಸಂದೇಶಕ್ಕೆ ಮುನ್ನುಡಿ ಸೇರಿ ಸುಮಾರು 2.6 ಮಿಲಿಸೆಕೆಂಡ್ ಬೇಕು. ಹೊತ್ತಿನ ನೂರರಲ್ಲಿ ಎರಡೂವರೆ ಭಾಗ! ಅಕ್ಕನ ರೂಟರ್‌ನಲ್ಲಿ ‘ಕಚೇರಿ’, ‘ಹುಡುಗರು’, ‘ಹುಡುಗಿಯರು’, ‘ಅತಿಥಿ’ ಎಂದು ನಾಲ್ಕು ಹೆಸರುಗಳಿದ್ದವು. ಯಾರೂ ಒಂದಕ್ಷರ ಓದುವ ಮೊದಲೇ ಹತ್ತನೇ ಒಂದು ಭಾಗ ಹೋಯಿತು. ಹೆಸರು ಒಂದೇ ಇಡಿ. ಕನಿಷ್ಠ ದರವನ್ನು 6 ಎಂಬಿಪಿಎಸ್‌ಗೆ ಏರಿಸಿ, 1, 2, 5.5, 11ರ ಹಳೆಯ ದರಗಳನ್ನು ತೆಗೆದುಹಾಕಿ. ಆಕ್ಸೆಸ್ ಪಾಯಿಂಟ್‌ಗಳನ್ನು ಹತ್ತಿರ ತಂದ ಮೇಲೆಯೇ ಇದನ್ನು ಮಾಡಿ, ಮೊದಲೇ ಮಾಡಿದರೆ ಮೂಲೆಯವರ ಸಂಪರ್ಕ ಕಡಿದುಹೋಗುತ್ತದೆ.

ಜಾಗ ಬಿಟ್ಟು ಕದಲದ ಎಲ್ಲಕ್ಕೂ ತಂತಿ: ಸಿಸಿಟಿವಿ ಕ್ಯಾಮೆರಾ, ಪ್ರಿಂಟರ್, ಕಚೇರಿಯ ಕಂಪ್ಯೂಟರ್. ಹಗಲು ರಾತ್ರಿ ಚಿತ್ರ ಕಳಿಸುವ ಕ್ಯಾಮೆರಾ ಗಾಳಿಯಲ್ಲಿ ಇರಲೇಬಾರದು.

ತಂತಿಯ ಬದಿಯಲ್ಲಿ ಪಂಕ್ತಿಯ ನ್ಯಾಯ

ಗಾಳಿಯ ಭಾಗ ಮುಗಿದ ಮೇಲೆ 100 ಎಂಬಿಪಿಎಸ್ ಸಂಪರ್ಕದ ಬಾಯಿಗೆ ಬನ್ನಿ. ಇಲ್ಲಿ ನಾನು ಮೊದಲು ಮಾಡಿದ ತಪ್ಪನ್ನು ಹೇಳಲೇಬೇಕು, ಏಕೆಂದರೆ ಎಲ್ಲರೂ ಅದನ್ನೇ ಮಾಡುತ್ತಾರೆ. ಪ್ರತಿ ಫೋನಿಗೂ 2 ಎಂಬಿಪಿಎಸ್ ಮಿತಿ ಹಾಕಿಬಿಟ್ಟಿದ್ದೆ. ಬೆಳಿಗ್ಗೆ ಆರಕ್ಕೆ ಮೂರೇ ಜನ ಇರುವಾಗ ಉಳಿದದ್ದೆಲ್ಲ ಸುಮ್ಮನೆ ಬಿದ್ದಿರುತ್ತಿತ್ತು, ಆ ಮೂವರು 2ರಲ್ಲೇ ಒದ್ದಾಡುತ್ತಿದ್ದರು. ರಾತ್ರಿಯಾದರೂ ಸರಿಯಾಯಿತೇ? ಇಲ್ಲ. 6ರ ದರದಲ್ಲಿ ಮಾತನಾಡುವ ಫೋನಿಗೆ 2 ಎಂಬಿಪಿಎಸ್ ಮುಟ್ಟಿಸಲು ಗಾಳಿಯ ಹೊತ್ತಿನ ಮೂರನೇ ಒಂದು ಭಾಗ ಬೇಕು, 54ರ ದರದವನಿಗೆ ಇಪ್ಪತ್ತೇಳನೇ ಒಂದು ಭಾಗ ಸಾಕು. 6ರ ದರದ ಮೂರು ಫೋನ್‌ಗಳು ಸೇರಿದರೆ ಚಾನೆಲ್ ಭರ್ತಿ. ಮಿತಿ ಸಮವಾಗಿತ್ತು, ಹೊರೆ ಸಮವಾಗಿರಲಿಲ್ಲ.

ಸರಿಯಾದ ದಾರಿ ನಮ್ಮ ಊಟದ ಪಂಕ್ತಿಯಲ್ಲಿದೆ. ಜೋಳದ ರೊಟ್ಟಿ, ಶೇಂಗಾ ಹೋಳಿಗೆ ಬಡಿಸುವವರು ಒಂದು ಸುತ್ತು ಎಲ್ಲರಿಗೂ ಹಾಕುತ್ತಾರೆ. ಸಾಕು ಎಂದವನ ಎಲೆ ದಾಟುತ್ತಾರೆ, ಉಳಿದದ್ದನ್ನು ಬೇಕೆಂದವರಿಗೆ ಮತ್ತೆ ಸಮವಾಗಿ ಹಾಕುತ್ತಾರೆ. 30 ಎಂಬಿಪಿಎಸ್ ಇದೆ, ನಾಲ್ವರಿಗೆ 2, 4, 20, 20 ಬೇಕು ಎಂದುಕೊಳ್ಳಿ. ಮೊದಲ ಸುತ್ತಿನ ಪಾಲು ಏಳೂವರೆ. 2 ಕೇಳಿದವನಿಗೆ 2, 4 ಕೇಳಿದವನಿಗೆ 4 ಪೂರ್ತಿ ಸಿಕ್ಕಿತು. ಉಳಿದ 24ನ್ನು ಇಬ್ಬರು 12ರಂತೆ ಹಂಚಿಕೊಂಡರು. ಅತಿ ಕಡಿಮೆ ಸಿಕ್ಕವನ ಪಾಲನ್ನು ಸಾಧ್ಯವಾದಷ್ಟು ಎತ್ತುವ ಈ ವಿಧಾನ ತಂತಿಗೆ ಚೆನ್ನಾಗಿ ಒಪ್ಪುತ್ತದೆ, ಏಕೆಂದರೆ ತಂತಿಯಲ್ಲಿ ಪ್ರತಿ ಬಿಟ್‌ಗೂ ಖರ್ಚು ಒಂದೇ. ಗಾಳಿಯಲ್ಲಿ ಖರ್ಚು ಬೇರೆ ಬೇರೆ. ಅಲ್ಲಿ ಇದನ್ನೇ ಹಟ ಹಿಡಿದರೆ ಮೇಲೆ ಕಂಡ 5.4ರ ಗತಿ ಆಗುತ್ತದೆ.

ಇದನ್ನು ತಾನೇ ಮಾಡುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಓಪನ್‌ಡಬ್ಲ್ಯೂಆರ್‌ಟಿ (ರೂಟರ್ ನಡೆಸುವ ಮುಕ್ತ ತಂತ್ರಾಂಶ) ಹಾಕಬಹುದಾದ ಒಂದು ರೂಟರ್ ತೆಗೆದುಕೊಳ್ಳಿ. ಅದರಲ್ಲಿ ‘ಎಸ್‌ಕ್ಯೂಎಂ’ ಎಂಬ ಪ್ಯಾಕೇಜ್ ಕೂಡಿಸಿ, ಸರದಿಯ ವಿಧಾನವಾಗಿ ‘ಕೇಕ್’ ಆರಿಸಿ. ನಿಜವಾಗಿ ಸಿಗುವ ವೇಗವನ್ನು ಅಳೆದು ಅದರ ಶೇಕಡಾ 90ರಿಂದ 95ರ ಅಂಕಿಯನ್ನು ಕೊಡಿ. ನಮಗೆ 94 ಸಿಗುತ್ತಿತ್ತು, 88 ಹಾಕಿದೆ.

ಇರುವುದನ್ನೇ ಕಡಿಮೆ ಮಾಡಿಕೊಳ್ಳುವುದೇಕೆ? ಸರದಿ ಎಲ್ಲಿ ನಿಲ್ಲುತ್ತದೆ ಎಂಬುದು ಮುಖ್ಯ. ಮಿತಿ ಹಾಕದಿದ್ದರೆ ಪ್ಯಾಕೆಟ್‌ಗಳು ಸಂಪರ್ಕ ಕೊಟ್ಟವರ ಪೆಟ್ಟಿಗೆಯಲ್ಲಿ ಸಾಲುಗಟ್ಟುತ್ತವೆ, ಆ ಸಾಲಿಗೆ ನಿಮ್ಮ ಮಾತು ಕೇಳುವುದಿಲ್ಲ. ಮೇಲ್ಮುಖ (ಅಪ್‌ಲೋಡ್) ವೇಗ 20 ಎಂಬಿಪಿಎಸ್ ಇದ್ದು ಅಲ್ಲಿ ಸಾವಿರ ಪ್ಯಾಕೆಟ್ ನಿಂತರೆ 1.2 ಕೋಟಿ ಬಿಟ್, ಕರಗಲು 0.6 ಸೆಕೆಂಡ್. ಯಾರೋ ಊರ ಜಾತ್ರೆಯ ವಿಡಿಯೊ ಮೇಲೇರಿಸಿದಾಗ 47ನೇ ಕುರ್ಚಿಯ ಉತ್ತರ ಅದರ ಬೆನ್ನಿಗೆ ನಿಂತು ಪರೀಕ್ಷೆಯ ಪುಟ ಕಟ್ಟಿಹೋಗುತ್ತಿದ್ದುದು ಹೀಗೆ. ನಮ್ಮೂರಲ್ಲಿ ಆದಿಲ್‌ಶಾಹಿ ಕಾಲದ ನೀರಿನ ಗೋಪುರಗಳು ಇವೆಯಲ್ಲ, ಗಂಜ್ ಎನ್ನುತ್ತಾರೆ. ತೊರವಿ ಕಡೆಯಿಂದ ಬಂದ ನೀರಿನ ಒತ್ತಡವನ್ನು ದಾರಿಯ ನಡುವೆ ತಗ್ಗಿಸಿ ಮುಂದಿನ ಕೊಳವೆಗಳಿಗೆ ಹದವಾಗಿ ಬಿಡುತ್ತಿದ್ದವು. 88ರ ಮಿತಿಯೂ ಅದೇ ಕೆಲಸ ಮಾಡುತ್ತದೆ. ಸಾಲು ನಮ್ಮ ರೂಟರ್‌ನಲ್ಲೇ ನಿಲ್ಲುತ್ತದೆ, ಕೇಕ್ ಅದನ್ನು ಸಣ್ಣದಾಗಿಡುತ್ತದೆ. ಸಾಲಿನಲ್ಲಿ ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂಬುದನ್ನೇ ಅಳೆದು ಸಾಲು ಕತ್ತರಿಸುವ ಈ ಉಪಾಯವನ್ನು 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಪ್ರಕಟಿಸಿದರು.

ಒಂದು ಎಚ್ಚರ. ಸುಮ್ಮನೆ ಚಾಲೂ ಮಾಡಿ ಬಿಟ್ಟರೆ ಪಾಲು ಹೋಗುವುದು ಸಂಪರ್ಕದ ಎಳೆಗಳ ಲೆಕ್ಕದಲ್ಲೋ ವ್ಯಕ್ತಿಗಳ ಲೆಕ್ಕದಲ್ಲೋ ಎಂದು ನೋಡಿಕೊಳ್ಳಿ. ಡೌನ್‌ಲೋಡ್ ತಂತ್ರಾಂಶ ಒಂದೇ ಸಲಕ್ಕೆ 30 ಎಳೆ ತೆರೆಯುತ್ತದೆ. ಎಳೆಗೊಂದು ಪಾಲು ಎಂದರೆ ಅವನಿಗೆ 30 ಎಲೆ ಹಾಕಿದಂತೆ. ಕೇಕ್‌ನಲ್ಲಿ ‘ನ್ಯಾಟ್’ ಎಂಬ ಆಯ್ಕೆ, ಇಳಿಮುಖಕ್ಕೆ ‘ಡ್ಯುಯಲ್ ಡೆಸ್ಟ್ ಹೋಸ್ಟ್’, ಮೇಲ್ಮುಖಕ್ಕೆ ‘ಡ್ಯುಯಲ್ ಎಸ್‌ಆರ್‌ಸಿ ಹೋಸ್ಟ್’ ಹಾಕಿದರೆ ಮೊದಲು ಸಾಧನಕ್ಕೊಂದು ಪಾಲು, ಆಮೇಲೆ ಅದರೊಳಗೆ ಎಳೆಗಳ ಹಂಚಿಕೆ. ಹಳೆಯ ರೂಟರ್‌ನ ಪ್ರೊಸೆಸರ್‌ಗೆ ಈ ಲೆಕ್ಕ ಭಾರವಾಗಬಹುದು. ವೇಗ 88ಕ್ಕಿಂತ ಬಹಳ ಕೆಳಗೆ ಕುಸಿದರೆ ರೂಟರ್ ಬದಲಿಸಿ, ಲೆಕ್ಕವನ್ನು ಬಿಡಬೇಡಿ.

ಟವರ್‌ನವರು ಹೇಗೆ ಹಂಚುತ್ತಾರೆ

ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ದಿನ ಫೋನಿನಲ್ಲಿ ಸಿಗ್ನಲ್ ಕಡ್ಡಿಗಳು ಪೂರ್ತಿ ಇದ್ದರೂ ಒಂದು ಫೋಟೊ ಹೋಗುವುದಿಲ್ಲ. ಕಡ್ಡಿ ಹೇಳುವುದು ಟವರ್‌ನ ದನಿ ಎಷ್ಟು ಗಟ್ಟಿ ಎಂದು. ನಿಮ್ಮ ಪಾಳಿ ಯಾವಾಗ ಎಂದು ಅದು ಹೇಳುವುದಿಲ್ಲ. 4ಜಿಯಲ್ಲಿ ಟವರ್ ಪ್ರತಿ ಮಿಲಿಸೆಕೆಂಡಿಗೂ ಹೊಸದಾಗಿ ಹಂಚುತ್ತದೆ. ಹಂಚುವ ತುಂಡು 180 ಕಿಲೋಹರ್ಟ್ಸ್ ಅಗಲದ್ದು, 10 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಅಂಥವು 50. ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಹೆಸರಾಂತ ಸೂತ್ರ ನನಗೆ ಬಹಳ ಪ್ರಿಯ: ಈ ಕ್ಷಣ ನಿನಗೆ ಸಿಗಬಹುದಾದ ವೇಗವನ್ನು ಇದುವರೆಗೆ ನಿನಗೆ ಸಿಕ್ಕ ಸರಾಸರಿಯಿಂದ ಭಾಗಿಸು, ಯಾರದು ದೊಡ್ಡದೋ ಅವರಿಗೆ ಪಾಳಿ. ಬಲಹೀನನನ್ನು ಬಲಶಾಲಿಯ ಜೊತೆ ಹೋಲಿಸುವುದೇ ಇಲ್ಲ, ಅವನ ಈಗಿನ ಸ್ಥಿತಿಯನ್ನು ಅವನದೇ ನಿನ್ನೆಯ ಜೊತೆ ಹೋಲಿಸುತ್ತದೆ. ಬಹಳ ಹೊತ್ತು ಕಾದವನ ಸರಾಸರಿ ಇಳಿಯುತ್ತ ಹೋಗುವುದರಿಂದ ಅವನ ಸರದಿ ತಪ್ಪದೆ ಬರುತ್ತದೆ. ಕೆಲ್ಲಿಯವರ ಗುಣಾಕಾರದ ನ್ಯಾಯವೇ ಇಲ್ಲಿ ಮಿಲಿಸೆಕೆಂಡಿನ ಲೆಕ್ಕದಲ್ಲಿ ನಡೆಯುತ್ತಿರುವುದು.

ನಿಯಮವನ್ನು ಗೋಡೆಗೆ ಹಚ್ಚಿ

ಯಂತ್ರ ಮಾಡಲಾರದ ತೀರ್ಮಾನಗಳು ಕೆಲವು ಉಳಿಯುತ್ತವೆ. ಫೋನ್, ಲ್ಯಾಪ್‌ಟಾಪ್ ಎರಡೂ ಇರುವವನಿಗೆ ಎರಡು ಪಾಲು ಹೋಗುತ್ತದೆ, ಒಂದೇ ಹಳೆಯ ಫೋನ್ ಇರುವವಳಿಗೆ ಒಂದು. ಒಂದು ತಿಂಗಳು ಯೋಚಿಸಿ ಅಕ್ಕ ಎಲ್ಲರನ್ನೂ ಕೂರಿಸಿಕೊಂಡು ಮಾತನಾಡಿದಳು. ರಾತ್ರಿ ಏಳರಿಂದ ಹತ್ತರವರೆಗೆ ಒಬ್ಬರಿಗೆ ಒಂದೇ ಸಾಧನ. ಆ ಹೊತ್ತಿನಲ್ಲಿ ಪಾಠದ ವಿಡಿಯೊ 480ರಲ್ಲಿ. ಫೋನಿನ ಅಪ್‌ಡೇಟ್, ಫೋಟೊ ಸಂಗ್ರಹ ತಾನಾಗಿ ಓಡದಂತೆ ಪ್ರತಿಯೊಬ್ಬರ ಫೋನಿನಲ್ಲೂ ಸೆಟ್ಟಿಂಗ್ ಬದಲಿಸಿಕೊಟ್ಟೆವು. ನಿಯಮಗಳನ್ನು ಬರೆದು ಮೆಟ್ಟಿಲ ಬಳಿ ಹಚ್ಚಿದೆವು. ಕಚೇರಿಯ ಕಂಪ್ಯೂಟರ್‌ಗೂ ಅದೇ ಪಾಲು.

ಒಬ್ಬ ವಿದ್ಯಾರ್ಥಿಯ ತಂದೆ ಬಂದು, ತಿಂಗಳಿಗೆ ಇನ್ನೂ 300 ರೂಪಾಯಿ ಕೊಡುತ್ತೇನೆ, ನನ್ನ ಮಗನಿಗೆ ಹೆಚ್ಚಿನ ವೇಗ ಬಿಡಿ ಎಂದರು. ಅಕ್ಕ ಅವರಿಗೆ ಚಹಾ ಕೊಟ್ಟು, "ಒಂದೇ ಪಂಕ್ತಿಯಲ್ಲಿ ಭೇದ ಮಾಡುವುದು ನನ್ನಿಂದ ಆಗುವುದಿಲ್ಲರೀ" ಎಂದಳು. ತಾಂತ್ರಿಕವಾಗಿ ಅದು ಎರಡು ನಿಮಿಷದ ಕೆಲಸ. ನಾನೂ ಮಾಡುತ್ತಿರಲಿಲ್ಲ.

ಮತ್ತೆ ಅಳೆಯುವುದು

ಎಲ್ಲ ಮುಗಿದ ಮೇಲೆ ಅದೇ ಆರು ಕುರ್ಚಿ, ಅದೇ ಎಂಟೂವರೆ, ಅದೇ ಫೋನ್. 9, 9, 8, 8, 6, 6. ಒಟ್ಟು 46, ಸೂತ್ರದ ಉತ್ತರ 0.97. ಸಂಪರ್ಕ ಅದೇ 100 ಎಂಬಿಪಿಎಸ್. 16 ಸಿಗುತ್ತಿದ್ದ ಕುರ್ಚಿಯವನಿಗೆ ಈಗ 9. ಅವನ ಪಾಠದ ವಿಡಿಯೊ ಒಮ್ಮೆಯೂ ನಿಂತಿಲ್ಲ.

ಇದು ಒಮ್ಮೆ ಮಾಡಿ ಮರೆಯುವ ಕೆಲಸವಲ್ಲ. ಅಕ್ಕಪಕ್ಕದ ಮನೆಗೆ ಹೊಸ ರೂಟರ್ ಬಂದಾಗ, ಪರೀಕ್ಷೆಯ ಅಧಿಸೂಚನೆ ಹೊರಟು ಕೋಣೆ ತುಂಬಿದಾಗ, ಬೇಸಿಗೆಗೆ ಕಪಾಟು ಸರಿಸಿ ಕೂಲರ್ ಇಟ್ಟಾಗ ಅಂಕಿಗಳು ಬದಲಾಗುತ್ತವೆ. ತಿಂಗಳಿಗೊಂದು ಶನಿವಾರ ರಾತ್ರಿ ನಾನು ಹೋಗುತ್ತೇನೆ. 47ನೇ ಕುರ್ಚಿಯಲ್ಲಿ ಈಗ ತಾಳಿಕೋಟೆಯ ಹುಡುಗನೊಬ್ಬ ಕೂರುತ್ತಾನೆ. ನನ್ನನ್ನು ಕಂಡ ಕೂಡಲೇ ಪುಸ್ತಕ ಸರಿಸಿ, "ಅಣ್ಣಾ, ಹತ್ತು ನಿಮಿಷ ಕೂರಿ, ನಾನು ಚಹಾ ಕುಡಿದು ಬರುತ್ತೇನೆ" ಎನ್ನುತ್ತಾನೆ. ನಾನು ಕುಳಿತು ಅಳೆದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತೇನೆ.